ಹಾಳೆಕೊಟ್ಟೆಯಲ್ಲಿ ಮೆಣಸಿನ ಬಳ್ಳಿ: ನನ್ನ ಅನುಭವ

ಕಪ್ಪು ಪ್ಲಾಸ್ಟಿಕ್ ಕೊಟ್ಟೆ (ಗಿಡ ಬೆಳೆಸುವ ಚೀಲ) ಬಿಟ್ಟು ನರ್ಸರಿ ನಡೆಸುವುದು ಆಗದ ಮಾತು ಎಂದು ನಮ್ಮ ಶಿರಸಿ ಸೀಮೆಯಲ್ಲಿ ನನಗೆ ಹೇಳದವರಿಲ್ಲ. ಕಳೆದ ಮಳೆಗಾಲಕ್ಕೆ ಸುಮಾರು ಆರು ಸಾವಿರ ಪಣಿಯೂರು-1 ತಳಿಯ ಮೆಣಸಿನ ಬಳ್ಳಿಗಳನ್ನು ಅಡಿಕೆ ಹಾಳೆಯ, ಎಂದರೆ ಮರದಿಂದ ಕಳಚಿ ಬೀಳುವ ಸೋಗೆಯ ಅಗಲ ಬುಡದ, ಕೊಟ್ಟೆಯಲ್ಲೇ ಬೇರು ಬರಿಸಿ ಮಾರಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹಠ ಹುಟ್ಟಿದ್ದು ಸೊರಗಿದ ಹಳೆಯ ಬಳ್ಳಿಯೊಂದರ ಬುಡ ಬಿಡಿಸಿದಾಗ. ನೆಡುವವರು ಹರಿಯದೆ ಹಾಗೆಯೇ ಹೂತಿದ್ದ ಕೊಟ್ಟೆ ಹತ್ತು ವರ್ಷವಾದರೂ ಇಟ್ಟಂತೆಯೇ ಇತ್ತು, ಬೇರುಗಳು ಅದರೊಳಗೇ ಸುತ್ತಿ ಸುತ್ತಿ ಸಿಂಬೆಯಾಗಿದ್ದವು.

ಮೊದಲು ಜೋಳದ ಪಿಷ್ಟದ ಎರಡು ಸಾವಿರ ಕೊಟ್ಟೆ ತರಿಸಿದೆ. ಪ್ಲಾಸ್ಟಿಕ್ಕಿನದು ಎಪ್ಪತ್ತೆಂಬತ್ತು ಪೈಸೆ ಇದ್ದಾಗ ಇದು ನಾಲ್ಕು ರೂಪಾಯಿಯ ಹತ್ತಿರ ಬಿದ್ದಿತು. ಗೊಬ್ಬರಗುಂಡಿಗೆ ಹಾಕಿ ನೋಡಿದವು ಒಂದು ವರ್ಷದ ಮೇಲೂ ಅಂಗೈಯಗಲದ ಚೂರುಗಳಾಗಿ ಸಿಕ್ಕವು. ಅದರ ಮೇಲಿನ ‘ಕಾಂಪೋಸ್ಟ್ ಆಗುತ್ತದೆ’ ಎಂಬ ಗುರುತು 58 ಡಿಗ್ರಿ ಶಾಖವನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳುವ ದೊಡ್ಡ ಘಟಕಗಳ ಲೆಕ್ಕದ್ದು. ಮನೆಯ ಗುಂಡಿ ವಾರ ಹತ್ತು ದಿನ ಬಿಸಿಯಾಗಿ ತಣಿಯುತ್ತದೆ. ಎಂಟು ಸಾವಿರ ರೂಪಾಯಿ ಅಲ್ಲಿಗೆ ಹೋಯಿತು.

ಹಾಳೆಕೊಟ್ಟೆ ಶುರುಮಾಡಿದ ವರ್ಷ ಒರಲೆ (ಗೆದ್ದಲು) ಹತ್ತಿ, ಸಾವಿರದ ಇನ್ನೂರರಲ್ಲಿ ಮುನ್ನೂರೂ ಉಳಿಯಲಿಲ್ಲ. ಮರುವರ್ಷ ಅಡಿಕೆ ಮರದ ದಬ್ಬೆಯ (ಸೀಳಿದ ಪಟ್ಟಿಯ) ಅಟ್ಟಣಿಗೆ ಕಟ್ಟಿ ನೆಲದಿಂದ ಗೇಣೆತ್ತರ ಇಟ್ಟೆ. ಒರಲೆ ಬರಲಿಲ್ಲ, ಆದರೆ ಮೇ ತಿಂಗಳ ಮೊದಲ ಮಳೆಗೆ ಅರ್ಧಕ್ಕರ್ಧ ಕೊಟ್ಟೆಗಳು ಬಿಚ್ಚಿಕೊಂಡು ಮಣ್ಣು ಸುರಿದವು. ತಪ್ಪು ನನ್ನದೇ. ಚೆಂದಕ್ಕೆಂದು ನುಣುಪು ಮೈ ಹೊರಗೆ ಬರುವಂತೆ ಸುತ್ತಿದ್ದೆ. ಹಾಳೆ ಮರವನ್ನು ಅಪ್ಪಿಕೊಂಡಿದ್ದ ಕಡೆಗೇ, ಎಂದರೆ ನುಣುಪು ಒಳಗಾಗಿ ಸುತ್ತಿದರೆ ಅದು ತಾನಾಗಿಯೇ ಬಿಗಿಯುತ್ತದೆ. ಅಂಚು ಬಿಗಿಯಲು ಬಿದಿರು ಕಡ್ಡಿಯನ್ನು ನಾರಿನ ಗುಂಟ ಚುಚ್ಚಿದರೆ ಹಾಳೆ ಉದ್ದಕ್ಕೂ ಸೀಳುತ್ತದೆ, ಓರೆಯಾಗಿ ಎರಡು ಕಡೆ ಚುಚ್ಚಿದರೆ ನಿಲ್ಲುತ್ತದೆ. ಹಾಳೆ ನೆನೆಸುವ ನೀರಿಗೆ ಏನು ಸೇರಿಸುತ್ತೇನೆ ಎಂಬುದು ಮಾತ್ರ ಸದ್ಯ ನನ್ನಲ್ಲೇ ಇರಲಿ.

ಒಬ್ಬರು ದಿನಕ್ಕೆ ನೂರಮೂವತ್ತರವರೆಗೆ ಕಟ್ಟುತ್ತಾರೆ, ಕೂಲಿ ಹಿಡಿದು ಕೊಟ್ಟೆಗೆ ಮೂರೂವರೆ ರೂಪಾಯಿ ತಗಲುತ್ತದೆ. ಗಿಡಕ್ಕೆ ಐದು ರೂಪಾಯಿ ಹೆಚ್ಚು ಹೇಳಿದೆ. ಮೊದಲು ಗೊಣಗಿದವರೇ ಈಗ ಮುಂಗಡ ಕೊಡುತ್ತಾರೆ. ನಾನೂರು ಬಳ್ಳಿ ಒಯ್ದು ಹಾಳೆಕೊಟ್ಟೆ ಸಮೇತ ನೆಟ್ಟ ಒಬ್ಬರ ತೋಟದಲ್ಲಿ ಸತ್ತದ್ದು ಹದಿನೈದರ ಆಸುಪಾಸು, ಅದೇ ತೋಟದಲ್ಲಿ ಹಿಂದಿನ ವರ್ಷ ಪ್ಲಾಸ್ಟಿಕ್ಕಿನಿಂದ ಬಿಡಿಸಿ ನೆಟ್ಟ ಅಷ್ಟೇ ಸಂಖ್ಯೆಯ ಬಳ್ಳಿಗಳಲ್ಲಿ ಅರವತ್ತು ಹೋಗಿದ್ದವು. ದೀಪಾವಳಿಯ ಹೊತ್ತಿಗೆ ಅಲ್ಲೊಂದು ಬುಡ ಕೆದಕಿದೆ: ಹಾಳೆ ಬೆರಳಿಗೆ ನೆನೆದ ಕಾಗದದಂತೆ ಹರಿಯಿತು, ಅದನ್ನು ತೂರಿಕೊಂಡು ಬಿಳಿ ಬೇರುಗಳು ಹೊರಗೆ ಹರಡಿದ್ದವು.

ಅಡಿಕೆ ಸಸಿಗೆ ಇದು ಇನ್ನೂ ಒಗ್ಗಿಲ್ಲ. ಅದು ವರ್ಷದ ಮೇಲೆ ಕೊಟ್ಟೆಯಲ್ಲಿರಬೇಕು, ಹಾಳೆ ಎಂಟನೇ ತಿಂಗಳಿಗೇ ಕರಗಿ, ಎತ್ತಿದರೆ ಮಣ್ಣು ಒಡೆಯುತ್ತದೆ. ತೆಂಗಿನ ಚಿಪ್ಪಿನಲ್ಲಿ ಬೇರಿಗೆ ಜಾಗ ಸಾಲಲಿಲ್ಲ. ಈ ಸಲ ಎರಡು ಹಾಳೆಗಳನ್ನು ಅಡ್ಡಡ್ಡ ಸುತ್ತಿ ಐವತ್ತು ಸಸಿ ಇಟ್ಟಿದ್ದೇನೆ. ಆರು ತಿಂಗಳಾಯಿತು, ಒಳಗಿನದು ಇನ್ನೂ ಗಟ್ಟಿಯಾಗಿದೆ.