ನೊಣ ಹಸುವಿನ ಕಾಲಲ್ಲಿ, ಅದರ ಮನೆ ಗೋದಲಿ ಕೆಳಗೆ

ನಮ್ಮದು ಮಂಡ್ಯ ಕಡೆ. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆಹಸು ಇವೆ. ಅದರಲ್ಲಿ ಗೌರಿ ತುಂಬಾ ಸಾಧು. ಮಕ್ಕಳು ಕೆಚ್ಚಲು ಮುಟ್ಟಿದರೂ ಸುಮ್ನೆ ನಿಲ್ಲುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳೇ ಝಾಡಿಸಿ ಒದೆಯಲು ಶುರು ಮಾಡಿದಳು. ಒಂದೇ ವಾರದಲ್ಲಿ ಎರಡು ಸಲ ಹಾಲಿನ ಪಾತ್ರೆ ಉರುಳಿತು. ಬೆಳಗ್ಗೆ 7 ಲೀಟರ್ ಕೊಡುತ್ತಿದ್ದವಳು ಐದೂವರೆಗೆ ಇಳಿದಳು. ನಾನು ಫೀಡ್ ಸರಿಯಿಲ್ಲ ಅಂದುಕೊಂಡು ಮೂಟೆ ಬದಲಾಯಿಸಿದೆ. ಅವ್ವ "ದೃಷ್ಟಿ ಆಗ್ಯದೆ ಕಣ್ಲಾ" ಅಂತ ಮೆಣಸಿನಕಾಯಿ ನಿವಾಳಿಸಿದಳು. ಎರಡರಿಂದಲೂ ಏನೂ ಆಗಲಿಲ್ಲ.

ಒಂದು ಸಂಜೆ ಹಾಲು ಕರೆಯುವಾಗ ಬಗ್ಗಿ ಅವಳ ಮುಂಗಾಲು ನೋಡಿದೆ. ಮಂಡಿಯಿಂದ ಕೆಳಗೆ ನೊಣ ಮುತ್ತಿಕೊಂಡಿದ್ದವು. ನೋಡಲು ಮನೆ ನೊಣದ ಹಾಗೇ ಇವೆ. ಒಂದನ್ನು ಬಡಿದೆ, ಅಂಗೈಯಲ್ಲಿ ರಕ್ತ! ಅದರ ಬಾಯಿಂದ ಸೂಜಿಯಂಥ ಕಪ್ಪು ಕೊಂಡಿ ಮುಂದಕ್ಕೆ ಚಾಚಿತ್ತು. ಮನೆ ನೊಣ ನೆಕ್ಕುತ್ತದೆ, ಇದು ಚುಚ್ಚುತ್ತದೆ. ಸೊಳ್ಳೆಯಲ್ಲಿ ಹೆಣ್ಣು ಮಾತ್ರ ರಕ್ತ ಕುಡಿಯುತ್ತದೆ, ಇದರಲ್ಲಿ ಗಂಡೂ ಕುಡಿಯುತ್ತದೆ. ಇಷ್ಟು ವರ್ಷ ಹಸು ಸಾಕಿದ ನನಗೆ ಇದು ಗೊತ್ತೇ ಇರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಡೆಲ್ಟಾಮೆಥ್ರಿನ್ ಅನ್ನುವ ಕೀಟನಾಶಕ ತಂದು ಕಾಲಿಗೆ ಹೊಡೆದೆ. ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ ಗೋಳು. ಜಡಿಮಳೆಗೆ ನೆಂದ ಕಾಲಲ್ಲಿ ಔಷಧಿ ಎಷ್ಟು ದಿನ ನಿಂತೀತು? ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆಯನ್ನೂ ಹಾಕಿದೆ. ಹೊಗೆ ಇರುವ ತನಕ ನೊಣ ಇಲ್ಲ, ಆದರೆ ಕರುಗಳು ಕೆಮ್ಮುತ್ತಿದ್ದವು. ಅದನ್ನೂ ಬಿಟ್ಟೆ.

ಆಮೇಲೆ ಇನ್ನೊಂದು ಹಸುವಿಗೆ ಇಂಜೆಕ್ಷನ್ ಕೊಡಲು ಡಾಕ್ಟ್ರು ಬಂದರು. ಗೌರಿ ವಿಷಯ ಹೇಳಿದೆ. ಅವರು ಅವಳ ಕಡೆ ನೋಡದೆ ಸೀದಾ ಗೋದಲಿ ಹತ್ತಿರ ಕುಕ್ಕರಗಾಲಲ್ಲಿ ಕೂತರು. "ಇಲ್ಲಿ ಸ್ವಲ್ಪ ಕೆದಕಿ ನೋಡಿ" ಅಂದರು. ಹಸು ತಿಂದು ಉಳಿಸಿದ ರಾಗಿ ಹುಲ್ಲು, ಗಂಜಲದಲ್ಲಿ ನೆಂದು ಕರ‍್ರಗೆ ಕೊಳೆತಿತ್ತು. ಕೋಲಿನಿಂದ ಸರಿಸಿದರೆ ಒಳಗೆ ಬಿಳಿ ಹುಳು ಬಿಜಿಬಿಜಿ ಅನ್ನುತ್ತಿದ್ದವು. ಈ ನೊಣಕ್ಕೆ ಬರೀ ಸಗಣಿಗಿಂತ ಸಗಣಿ, ಗಂಜಲ ಬೆರೆತು ಕೊಳೆತ ಹುಲ್ಲೇ ಇಷ್ಟವಂತೆ. ಹಸುವಿನ ಮೇಲೆ ಅದು ಕೂರುವುದು ಕೆಲವೇ ನಿಮಿಷ. ಹೊಟ್ಟೆ ತುಂಬಿತೋ, ಗೋಡೆಗೋ ಬೇಲಿಗೋ ಹಾರಿಹೋಗುತ್ತದೆ. ನಾನು ಮಾತ್ರ ಹಸುವಿನ ಮೈಮೇಲೇ ಹುಡುಕುತ್ತಿದ್ದೆ.

ಅವತ್ತಿನಿಂದ ಗೋದಲಿ ಕೆಳಗಿನ ಕಸವನ್ನು ದಿನಾ ಎತ್ತಿ ಹೊಲದಲ್ಲಿ ತೆಳ್ಳಗೆ ಹರಡಿದೆವು. ಒಣಗಿದರೆ ಹುಳು ಬದುಕುವುದಿಲ್ಲ. ಕರು ಕಟ್ಟುವ ಮೂಲೆ ಇನ್ನೂ ಕೆಟ್ಟದಾಗಿತ್ತು, ಅಲ್ಲಿ ಹಾಸಿದ ಹುಲ್ಲನ್ನು ಯಾರೂ ತೆಗೆಯುತ್ತಲೇ ಇರಲಿಲ್ಲ. ಗಂಜಲ ನಿಲ್ಲುತ್ತಿದ್ದ ಗುಳಿಗೆ ಸಿಮೆಂಟ್ ಮೆತ್ತಿ ಇಳಿಜಾರು ಮಾಡಿದೆ. ಕೊಟ್ಟಿಗೆಗೆ ಅಂಟಿಕೊಂಡಿದ್ದ ತಿಪ್ಪೆಯನ್ನು ದೂರಕ್ಕೆ ಸಾಗಿಸಿ ಟಾರ್ಪಾಲ್ ಹೊದಿಸಿದೆ.

ಎರಡು ವಾರ ಏನೂ ಬದಲಾಗಲಿಲ್ಲ. ನನ್ನ ಹೆಂಡತಿ "ಬೆನ್ನು ಮುರಿದಿದ್ದೇ ಬಂತು" ಅಂದಳು. ಮೊಟ್ಟೆ ನೊಣವಾಗಲು ಎರಡು ಮೂರು ವಾರ ಬೇಕು, ಆಗಲೇ ಹುಟ್ಟಿದ್ದವು ಇನ್ನೂ ಹಾರಾಡುತ್ತಿದ್ದವು. ನಾನು ದಿನಾ ಗೌರಿಯ ಒಂದೇ ಮುಂಗಾಲಿನ ನೊಣ ಎಣಿಸುತ್ತಿದ್ದೆ. ಮೊದಲು ಹದಿನೈದು, ಇಪ್ಪತ್ತು ಇರುತ್ತಿದ್ದವು. ನಾಲ್ಕನೇ ವಾರಕ್ಕೆ ಮೂರು, ನಾಲ್ಕು. ಗೌರಿ ಮಧ್ಯಾಹ್ನ ಮಲಗಿ ಮೆಲುಕು ಹಾಕುವುದನ್ನು ಎಷ್ಟೋ ದಿನದ ಮೇಲೆ ನೋಡಿದೆ. ದಿನವಿಡೀ ಕಾಲು ಕುಟ್ಟಿ, ಬಾಲ ಬೀಸುವ ಹಸು ನೆಮ್ಮದಿಯಾಗಿ ಮೇಯುವುದಿಲ್ಲ, ಮಲಗುವುದೂ ಇಲ್ಲ. ಹಾಲು ಇಳಿಯದೆ ಇನ್ನೇನು? ಈಗ ಆರೂವರೆಗೆ ಬಂದಿದ್ದಾಳೆ. ಇದೆಲ್ಲ ನೊಣ ಕಡಿಮೆಯಾದದ್ದರಿಂದಲೇ ಅನ್ನಲಾರೆ, ಆಗ ಹಸಿಜೋಳವೂ ಸಿಕ್ಕಿತ್ತು.

2022ರಲ್ಲಿ ಚರ್ಮಗಂಟು ರೋಗ ಬಂದಾಗ ಆಡಿನ ಸಿಡುಬಿನ ಲಸಿಕೆ ಹಾಕಿಸಿ ಸುಮ್ಮನಾಗಿದ್ದೆವು. ಆ ರೋಗವನ್ನು ಹಸುವಿನಿಂದ ಹಸುವಿಗೆ ದಾಟಿಸುವವರಲ್ಲಿ ಈ ಕಚ್ಚುವ ನೊಣವೂ ಒಂದು ಎಂದು ಡಾಕ್ಟ್ರು ಈಗ ಹೇಳಿದರು.

ದೊಡ್ಡ ಕುದುರೆ ನೊಣಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಅದು ಕೆರೆ ಅಂಚಿನ ಕೆಸರಲ್ಲಿ ಹುಟ್ಟುತ್ತದೆ, ಕೊಟ್ಟಿಗೆ ಗುಡಿಸಿದರೆ ಅದಕ್ಕೇನು? ಸರ‍್ರಾ ಅನ್ನುವ ದನಗಳ ಜ್ವರವನ್ನು ಹೆಚ್ಚಾಗಿ ಹರಡುವುದೂ ಅದೇ. ಹಾಗಾಗಿ ಬಿಸಿಲು ಏರಿದ ಮೇಲೆ ಹಸುಗಳನ್ನು ಕೆರೆ ಕಡೆ ಹೊಡೆಯುವುದಿಲ್ಲ, ಕೊಟ್ಟಿಗೆಯಲ್ಲೇ ಹುಲ್ಲು ಹಾಕಿ ಫ್ಯಾನ್ ಹಾಕುತ್ತೇನೆ. ಕರೆಂಟ್ ಇದ್ದರೆ.