ಜಪಾನಲ್ಲಿ ಭಾಷೆ ಬರದೇ ಇದ್ರೂ ಚರ್ಮದ ಡಾಕ್ಟ್ರಿಗೆ ತೋರಿಸ್ಕೊಳ್ಳೋದು ಹೇಗೆ

ತುರಿಕೆ, ಗುಳ್ಳೆ ಅಂತೆಲ್ಲ ಶುರುವಾದ್ರೆ ಸೀದಾ ದೊಡ್ಡಾಸ್ಪತ್ರೆಗೆ ಓಡ್ಬೇಡಿ, ರೆಫರಲ್ ಲೆಟರ್ ಇಲ್ದೆ ಹೋದ್ರೆ ತುಂಬಾ ಕಡೆ ಎಕ್ಸ್‌ಟ್ರಾ 7,000 ಯೆನ್ ಆದ್ರೂ ತಗೋತಾರೆ. ಮನೆ ಹತ್ರದ ಸಣ್ಣ ಕ್ಲಿನಿಕ್ಕೇ ಸಾಕು, ಮ್ಯಾಪಲ್ಲಿ ‘ಹಿಫುಕಾ’ (ಚರ್ಮದ ವಿಭಾಗ) ಅಂತ ಹುಡುಕಿ. ಮಧ್ಯಾಹ್ನ ಬ್ರೇಕ್ ಉದ್ದ ಇರುತ್ತೆ, ವಾರದ ಮಧ್ಯದಲ್ಲೂ ಒಂದಿನ ರಜಾ ಇರಬಹುದು, ಟೈಮ್ ನೋಡ್ಕೊಂಡೇ ಹೊರಡಿ.

ಇನ್ಶೂರೆನ್ಸ್ ಸೇರಿರೋ ‘ಮೈ ನಂಬರ್’ ಕಾರ್ಡ್ (ಜಪಾನಿನ ಗುರುತಿನ ಚೀಟಿ) ಮರೀಬೇಡಿ, ಅದಿದ್ರೆ ದೊಡ್ಡೋರಿಗೆ ಸಾಮಾನ್ಯವಾಗಿ ಬಿಲ್ಲಿನ 30% ಮಾತ್ರ.

ಹೋದ ತಕ್ಷಣ ‘ಮೊನ್‌ಶಿನ್‌ಹ್ಯೋ’ ಅನ್ನೋ ಫಾರ್ಮ್ ಕೊಡ್ತಾರೆ, ಯಾವಾಗಿಂದ, ಎಲ್ಲಿ, ಅಲರ್ಜಿ ಇದ್ಯಾ, ಬೇರೆ ಮಾತ್ರೆ ತಗೋತೀರಾ, ಬಸುರಿನಾ ಅಂತೆಲ್ಲ ಕೇಳಿರ್ತಾರೆ. ಕನಗಾವಾ ಇಂಟರ್‌ನ್ಯಾಷನಲ್ ಫೌಂಡೇಶನ್ ಸೈಟಲ್ಲಿ ಚರ್ಮದ ಫಾರ್ಮು ಇಂಗ್ಲಿಷ್-ಜಪಾನೀಸ್ ಎರಡರಲ್ಲೂ ಫ್ರೀಯಾಗಿ ಸಿಗುತ್ತೆ, ಮನೇಲೇ ತುಂಬ್ಕೊಂಡು ಹೋಗಿ, ನಿಜವಾಗ್ಲೂ ಅರ್ಧ ಟೆನ್ಶನ್ ಕಮ್ಮಿ ಆಗುತ್ತೆ.

ಇನ್ನೊಂದು, ಫೋಟೋ! ಪಿತ್ತದ ಗಂಧೆ ರಾತ್ರಿ ಎದ್ದು ಬೆಳಗ್ಗೆ ಮಾಯ ಆಗಿರುತ್ತೆ, ಡಾಕ್ಟ್ರಿಗೆ ತೋರಿಸೋಕೆ ಏನೂ ಉಳ್ದಿರಲ್ಲ, ಅದಕ್ಕೆ ಎದ್ದಾಗೆಲ್ಲ ಒಳ್ಳೆ ಬೆಳಕಲ್ಲಿ ಫೋಟೋ ತೆಗೆದಿಡಿ, ಹಚ್ತಿರೋ ಕ್ರೀಮಿನ ಟ್ಯೂಬೂ ತಗೊಂಡೋಗಿ. ಡಾಕ್ಟ್ರ ರೂಮಲ್ಲಿ ಆ ಜಾಗಾನ ಬೆರಳಲ್ಲಿ ತೋರಿಸಿ ಹೇಳಿ, ‘ಕಯುಯಿ’ ಅಂದ್ರೆ ತುರಿಕೆ, ‘ಇತಾಯ್’ ಅಂದ್ರೆ ನೋವು. ಬರೋಕ್ಮುಂಚೆ ‘ಇಚಿನಿಚಿ ನಾನ್‌ಕಾಯ್?’, ದಿನಕ್ಕೆ ಎಷ್ಟ್ಸಲ ಅಂತ, ಕೇಳೇ ಕೇಳಿ. ಮುಖಕ್ಕೆ ಬೇರೆ ಮೈಗೆ ಬೇರೆ ಸ್ಟೆರಾಯ್ಡ್ ಕೊಟ್ಟಿರಬಹುದು, ಅದಲು ಬದಲಾಗಬಾರ್ದು, ಟ್ಯೂಬ್ ಮೇಲೆ ಕನ್ನಡದಲ್ಲೇ ಬರ್ಕೊಳ್ಳಿ.

ಔಷಧಿಗೆ ಸಾಮಾನ್ಯವಾಗಿ ಹೊರಗಿನ ‘ಯಕ್ಕ್ಯೋಕು’ಗೆ, ಅಂದ್ರೆ ಮೆಡಿಕಲ್ ಶಾಪಿಗೆ, ಹೋಗ್ಬೇಕು. ಡಾಕ್ಟ್ರ ಚೀಟಿ, ಬರೆದ ದಿನಾನೂ ಸೇರಿ 4 ದಿನಕ್ಕಷ್ಟೇ ನಡಿಯುತ್ತೆ, ಭಾನುವಾರಾನೂ ಲೆಕ್ಕಕ್ಕೆ ಬರುತ್ತೆ, ಅವತ್ತೇ ತಗೊಂಡ್ಬಿಡಿ.