ಆಯಾನ್ನ ನೋಡಿ ಆರಿಸಿದ ಅಂಗನವಾಡಿ

ಮಗಳಿಗೆ ಮೂರು ತುಂಬಿ ನಾಲ್ಕು ತಿಂಗಳಾಗಿತ್ತು. ಗಂಗಾವತಿಯಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮೂರು ಅಂಗನವಾಡಿಗಳಿವೆ. "ಗುಡಿ ಬಾಜೂದ್ದು ಹತ್ರ ಐತಿ, ಅಲ್ಲೇ ಹಾಕು. ಎಲ್ಲಾ ಸರ್ಕಾರದ್ದ, ಅದ್ರಾಗ ಏನ್ ಆರಿಸ್ತಿ?" ಅಂದರು ಅತ್ತೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಎಲ್ಲ ಕಡೆ ಅದೇ ಚಿಲಿಪಿಲಿ ಪಾಠ, ಅದೇ ಕ್ಷೀರಭಾಗ್ಯದ ಹಾಲು, ಅದೇ ಮೊಟ್ಟೆ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲರಿ ಅನ್ನೋ ಲೆಕ್ಕವೂ ಒಂದೇ. ಸರ್ಕಾರಿ ಶಾಲೆಯ ಎಲ್‌ಕೆಜಿ ವಿಚಾರವೂ ಬಂತು. 2024ರಲ್ಲಿ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಅದನ್ನು ಶುರು ಮಾಡಲು ಹೊರಟಾಗ ಅಂಗನವಾಡಿಯವರು ಧರಣಿ ಕೂತಿದ್ದರಲ್ಲ, ಅದೇ. ಆದರೆ ಅದಕ್ಕೆ ನಾಲ್ಕು ವರ್ಷ ಆಗಿರಬೇಕು.

ಮೊದಲು ಗುಡಿ ಪಕ್ಕದ್ದಕ್ಕೇ ಹೋದೆ. ಗೋಡೆ ತುಂಬ ಚಿಟ್ಟೆ, ನವಿಲು. ಮಕ್ಕಳು ಸಾಲಾಗಿ ಕೂತು ಹಾಡು ಹೇಳುತ್ತಿದ್ದರು. ಇದೇ ಆಗಲಿ ಅಂದುಕೊಂಡು ಬಂದೆ. ನಾನು ಮಾಡಿದ ತಪ್ಪು ಅಂದರೆ ಹೋಗಿದ್ದು ಬೆಳಿಗ್ಗೆ ಹತ್ತಕ್ಕೆ. ಹತ್ತು ಗಂಟೆಗೆ ಯಾವ ಅಂಗನವಾಡಿಯೂ ಚೆಂದವೇ! ಎರಡು ದಿನ ಬಿಟ್ಟು ಆಧಾರ್ ಕಾರ್ಡ್ ನೆಪ ಮಾಡಿಕೊಂಡು ಹನ್ನೆರಡಕ್ಕೆ ಹೋದೆ. ಟೀಚರ್ ಸರ್ವೆಗೆ ಹೋಗಿದ್ದರು, ಆಯಾ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಮಕ್ಕಳ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ಕಿಟಕಿಯಲ್ಲಿ ಇಣುಕಿದರೆ ಮಕ್ಕಳು ಗೋಡೆಗೆ ಒರಗಿ ಸುಮ್ಮನೆ ಕೂತಿದ್ದವು.

ಟೀಚರನ್ನು ಬೈಯಲು ಮನಸ್ಸಾಗಲಿಲ್ಲ. ತೂಕ ಮಾಡಬೇಕು, ಎತ್ತರ ಅಳೆಯಬೇಕು, ಅದನ್ನೆಲ್ಲ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು, ಮನೆಮನೆ ತಿರುಗಬೇಕು, ಚುನಾವಣೆ ಬಂದರೆ ಮತದಾರರ ಪಟ್ಟಿ ಬೇರೆ. ಇರುವವರು ಇಬ್ಬರೇ. ಹಾಗಾದರೆ ಟೀಚರ್ ಇಲ್ಲದ ಹೊತ್ತಲ್ಲಿ ಮಕ್ಕಳ ಹತ್ತಿರ ಯಾರಿರುತ್ತಾರೆ? ಉಳಿದ ಎರಡನ್ನು ನಾನು ನೋಡಿದ್ದು ಬರೀ ಇದಕ್ಕೆ.

ಒಂದು ಹೊಸ ಕಟ್ಟಡ, ಶೌಚಾಲಯವೂ ಇದೆ, ಆದರೆ ರೈಸ್‌ಮಿಲ್ ಲಾರಿಗಳು ಓಡುವ ರಸ್ತೆ ದಾಟಬೇಕು. ಬೇಡ ಅನ್ನಿಸಿತು.

ಇನ್ನೊಂದು ಬಾಡಿಗೆ ಕೋಣೆ, ಮೇಲೆ ತಗಡು. ಅಲ್ಲಿಯೂ ಟೀಚರ್ ಇರಲಿಲ್ಲ. ಆದರೆ ಆಯಾ ಈಳಿಗೆ ಹಿಡಿದು ಒಳಗೆ ಹೋಗಿರಲಿಲ್ಲ. ಗಜ್ಜರಿ, ಟೊಮೇಟೊ ಬುಟ್ಟಿ ತಂದು ಮಕ್ಕಳ ನಡುವೆ ಸುರುವಿದ್ದರು. "ಕೆಂಪು ಯಾವ್ದು? ಎಷ್ಟ ಅದಾವ? ಎಣಿಸಿ ಕೊಡ್ರಿ, ಆಮ್ಯಾಲೆ ತೊಳಿತೀನಿ." ನನ್ನ ಕೈ ಬಿಡಿಸಿಕೊಂಡು ಮಗಳೂ ಹೋಗಿ ಕೂತಳು. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅನ್ನೋದು ಆಯಾಗೆ ಬಾಯಲ್ಲೇ ಇತ್ತು, ದಿನಾ ಮನೆಗೆ ಹೋಗಿ ಕರೆತರುವವರು ಅವರೇ ಅಲ್ಲವೇ? ಮರುದಿನ ಟೀಚರ್ ಸಿಕ್ಕಾಗ ಬೆಳವಣಿಗೆ ಚಾರ್ಟ್ ತೋರಿಸಿ ಅಂದೆ. ತೆಗೆದು ತೋರಿಸಿದರು. ಹೋದ ತಿಂಗಳವರೆಗೂ ಚುಕ್ಕೆ ಬಿದ್ದಿತ್ತು. ತೂಕ ಕಡಿಮೆಯಾಗಿ ಹಳದಿಯಲ್ಲಿದ್ದ ಹುಡುಗನೊಬ್ಬ ಹಸಿರಿಗೆ ಏರಿದ್ದ.

ಅಲ್ಲೇ ಸೇರಿಸಿದೆ. ಏಪ್ರಿಲ್ ಬಿಸಿಲಿಗೆ ಆ ತಗಡಿನ ಕೆಳಗೆ ಕೂರಲು ಆಗುವುದಿಲ್ಲ, ಹನ್ನೊಂದಕ್ಕೇ ಹೋಗಿ ಕರೆತರುತ್ತೇನೆ. ಶೌಚಾಲಯವೂ ಇಲ್ಲ. ಅಂಗನವಾಡಿಯ ಬಾಲವಿಕಾಸ ಸಮಿತಿಗೆ ನನ್ನನ್ನೂ ಸೇರಿಸಿಕೊಂಡಿದ್ದಾರೆ; ಒಂದು ಅರ್ಜಿ ಬರೆದು ಕೊಟ್ಟಿದ್ದೇವೆ, ಎರಡನೆಯದು ಬರೆಯಬೇಕು. ಸದ್ಯಕ್ಕೆ ಎದುರು ಮನೆ ಅಜ್ಜಿ ತಮ್ಮ ಶೌಚಾಲಯದ ಬಾಗಿಲು ತೆರೆದಿಡುತ್ತಾರೆ.